ಗೌರಮ್ಮನ ಪಕ್ಕದ ಜಾಗ

ಕಳೆದ ತಿಂಗಳು ಬನಶಂಕರಿಯ ಒಂದು ಸಂಸ್ಥೆಯವರು ಹೊಸದಾಗಿ ಕೆಲಸಕ್ಕೆ ಸೇರಿದ ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ನನ್ನನ್ನು ಕರೆದಿದ್ದರು. ಕುಷ್ಠರೋಗದ ಕ್ಲಿನಿಕ್ಕಿನಲ್ಲಿ ಗಾಯ ಕಟ್ಟುತ್ತಾ ಆಯಸ್ಸು ಕಳೆದವಳು, ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಲಿ ಎಂದು. ಗೋಡೆಯ ಮೇಲೆ ಬ್ಯಾನರ್ ಕಟ್ಟಿದ್ದರು: 'ಭೇದವಿಲ್ಲದ ಪ್ರೀತಿ, ಎಲ್ಲರಿಗೂ ಕರುಣೆ'. ನಾನು ಒಳ್ಳೆಯ ಮಾತುಗಳನ್ನೇ ಹೇಳಿದೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಇಷ್ಟು ವರ್ಷ ಮಾಡಿದ್ರಲ್ಲ, ಯಾವತ್ತಾದ್ರೂ ಬೇಜಾರಾಗಿದ್ಯಾ? ಅಂದ್ರೆ, ಇದೆಲ್ಲ ಸುಮ್ನೆ ಅಂತ?"

ಸಂಘಟಕರು ಗಡಿಯಾರ ನೋಡಿದರು. ನಾನು "ಇಲ್ಲಮ್ಮ" ಎಂದು ಹೇಳಿ ಕೂತುಬಿಟ್ಟೆ.

ಅದು ಸುಳ್ಳು. ಆ ಹುಡುಗಿಗೆ ಅಲ್ಲಿ ಕೊಡಬೇಕಿದ್ದ ಉತ್ತರವನ್ನು ಈಗ ಬಿ.ಟಿ.ಎಂ. ಲೇಔಟಿನ ನನ್ನ ಬಾಡಿಗೆ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಒಬ್ಬರು ಈಗಿಲ್ಲ. ಅವರ ಮನೆಯವರೂ ಊರು ಬಿಟ್ಟಿದ್ದಾರೆ. ಆದರೂ ಅವರ ಹೆಸರು ಹೇಳುವುದಿಲ್ಲ, ಖಜಾಂಚಿಗಳು ಎಂದಷ್ಟೇ ಕರೆಯುತ್ತೇನೆ. ಗೌರಮ್ಮನ ಹೆಸರು ಮಾತ್ರ ಇದ್ದ ಹಾಗೇ ಇದೆ. ಕೇಳಿದಾಗ ಆಕೆ, "ಹಾಕ್ಕಳಿ ಸಿಸ್ಟ್ರೇ, ನನ್ ಹೆಸ್ರು ಎಲ್ಲಾದ್ರೂ ಒಂದ್ ಕಡೆ ಬರ್ಲಿ" ಎಂದಳು.

ನಮ್ಮ ಕ್ಲಿನಿಕ್ಕು ಜಯನಗರದ ಒಂದು ಚರ್ಚಿನ ಹಿಂಭಾಗದಲ್ಲಿತ್ತು. ಹೆಂಚಿನ ಶೆಡ್ಡು, ಉದ್ದನೆಯ ಕಲ್ಲುಬೆಂಚು, ಅದರ ಮುಂದೆ ಸಾಲಾಗಿ ನೀಲಿ ಪ್ಲಾಸ್ಟಿಕ್ ಬೇಸಿನ್ನುಗಳು. ಗುರುವಾರ ಬಂದವರೆಲ್ಲ ಮೊದಲು ಕಾಲು ನೆನೆಹಾಕಿ ಕೂರಬೇಕು. ಚರ್ಮ ಮೆತ್ತಗಾದ ಮೇಲೆ ನಾನು ಕೆಳಗೆ ಸ್ಟೂಲಿನ ಮೇಲೆ ಕೂತು, ಒಬ್ಬೊಬ್ಬರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಗಟ್ಟಿಯಾದ ಚರ್ಮವನ್ನು ಹೆರೆದು, ಗಾಯ ತೊಳೆದು, ಎಣ್ಣೆ ಹಚ್ಚಿ, ಕಟ್ಟು ಕಟ್ಟುತ್ತಿದ್ದೆ. ಅಷ್ಟೇ ನನ್ನ ಕೆಲಸ. ರೋಗಿಗಳು ಸಿಸ್ಟರ್ ಎನ್ನುತ್ತಿದ್ದರು. ನಾನು ನರ್ಸೂ ಅಲ್ಲ, ಕನ್ಯಾಸ್ತ್ರೀಯೂ ಅಲ್ಲ. ಮನೋರಮಾ ಎಂಬ ಹೆಸರಿನ, ಡ್ರೆಸ್ಸಿಂಗ್ ಕಲಿತ ಹೆಂಗಸು.

ಕಲಿಸಿದವರು ಡಾಕ್ಟರ್ ಬೆಂಜಮಿನ್. ನಾನು ಸೇರಿದ ದಿನ ಅವರು ಒಬ್ಬ ಮುದುಕನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಆತನ ಮಗಳ ಮದುವೆಯ ವಿಷಯ ವಿಚಾರಿಸುತ್ತಿದ್ದರು. ಮದುವೆಯ ಸುದ್ದಿ ಮುಗಿಯುವವರೆಗೂ ಕೈ ಬಿಡಲಿಲ್ಲ. ಆಮೇಲೆ ನನ್ನನ್ನು ಕರೆದು ಹೇಳಿದರು, "ಗಾಯ ಮುಟ್ಟೋವಾಗ ಗ್ಲೌಸ್ ಹಾಕ್ಕೋ. ಮನುಷ್ಯನನ್ನ ಮುಟ್ಟೋವಾಗ ಬಿಚ್ಚು." ಕ್ಲಿನಿಕ್ಕಿನಲ್ಲಿ ಧರ್ಮದ ಮಾತು ಆಡಕೂಡದು ಎಂಬುದು ಅವರ ಇನ್ನೊಂದು ನಿಯಮ. "ಕಾಲು ನೋಯ್ತಿದೆ ಅಂತ ಬಂದಿದ್ದಾರೆ. ಕಾಲು ನೋಡು. ಅದೇ ಕ್ರೈಸ್ತ ಪ್ರೀತಿ" ಎನ್ನುತ್ತಿದ್ದರು. ನಾನು ಆ ಮನುಷ್ಯನನ್ನು ದೇವರಂತೆ ಕಂಡೆ. ಹಾಗೆ ಕಾಣಬೇಡಿ ಎಂದು ಹೊಸಬರಿಗೆ ಹೇಳಲು ಇಷ್ಟಪಡುತ್ತೇನೆ. ಆದರೆ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುತ್ತಿರಲಿಲ್ಲ.

ಆಗ ನಮಗೊಂದು ಜೀಪ್ ಇತ್ತು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಕುಷ್ಠರೋಗ ನಿವಾರಣೆ ಎಂದು ಬರೆಸಿದ್ದರು. ದಾನ ಕೊಟ್ಟವರ ಆಸೆ ಅದು. ಯಡಿಯೂರಿನಲ್ಲಿ ಒಬ್ಬ ಟೈಲರ್ ಔಷಧಿಗೆ ಬರುವುದನ್ನು ನಿಲ್ಲಿಸಿದ್ದ. ವಿಚಾರಿಸಲು ಅವನ ಮನೆಯ ಮುಂದೆಯೇ ಜೀಪ್ ನಿಲ್ಲಿಸಿದೆವು. ಡಾಕ್ಟರ್ ಒಳಗೆ ಕೂತು ಕಾಫಿ ಕುಡಿದು, ಅವನ ಬೆನ್ನು ತಟ್ಟಿ ಬಂದರು. ನಾವು ಹೊರಡುವಾಗ ಬೀದಿಯ ಎಲ್ಲ ಬಾಗಿಲುಗಳಲ್ಲೂ ಜನ ನಿಂತಿದ್ದರು. ಮುಂದಿನ ವಾರ ಆ ಮನೆಗೆ ಬೀಗ. ಓನರ್ ಖಾಲಿ ಮಾಡಿಸಿದ್ದ. ಟೈಲರ್ ಎಲ್ಲಿಗೆ ಹೋದನೋ, ಔಷಧಿ ಮುಗಿಸಿದನೋ ಇಲ್ಲವೋ, ನಮಗೆ ಕೊನೆಗೂ ಗೊತ್ತಾಗಲಿಲ್ಲ. ಅಕ್ಷರಗಳನ್ನು ಅಳಿಸಿದ್ದು ಅದಾದ ಮೇಲೆ. ನಾನಂತೂ ಮತ್ತೆ ಜೀಪ್ ಹತ್ತಲಿಲ್ಲ. ಇನ್ಶೂರೆನ್ಸ್ ಏಜೆಂಟರ ಹಾಗೆ ಒಂದು ಕಪ್ಪು ಬ್ಯಾಗ್ ಹಿಡಿದು, ಬಸ್ಸಿನಲ್ಲಿ ಹೋಗಿ, ಎರಡು ಬೀದಿ ಆಚೆ ಇಳಿದು ನಡೆಯುತ್ತಿದ್ದೆ.

ಚಿಕಿತ್ಸೆ ಬದಲಾಯಿತು. ಮೊದಲು ವರ್ಷಗಟ್ಟಲೆ ನುಂಗಬೇಕಿದ್ದ ಮಾತ್ರೆಯ ಬದಲು ಹಾಳೆಯಲ್ಲಿ ಜೋಡಿಸಿದ ಮೂರು ಔಷಧಿಗಳು ಬಂದವು. ತಿಂಗಳುಗಳಲ್ಲಿ ರೋಗ ವಾಸಿಯಾಗತೊಡಗಿತು. ಔಷಧಿ ಶುರುವಾದ ಕೆಲವೇ ದಿನಗಳಿಗೆ ಅದು ಇನ್ನೊಬ್ಬರಿಗೆ ಅಂಟುವುದೂ ನಿಲ್ಲುತ್ತದೆ. ನರ ಸತ್ತ ಕೈಕಾಲು ಮಾತ್ರ ಹಾಗೇ ಉಳಿಯುತ್ತದೆ. ಜನ ನೋಡುವುದು ಆ ಕೈಕಾಲನ್ನು. ವಾಸಿಯಾಗಿದೆ ಎಂದು ನಾವು ಹೇಳಿದರೆ ತಲೆಯಾಡಿಸುತ್ತಾರೆ, ಒಂದು ಹೆಜ್ಜೆ ಹಿಂದೆ ಸರಿದು ತಲೆಯಾಡಿಸುತ್ತಾರೆ.

ಖಜಾಂಚಿಗಳ ವಿಷಯಕ್ಕೆ ಬರುತ್ತೇನೆ. ಅವರು ನಮ್ಮ ಸಭೆಯ, ಅಂದರೆ ಚರ್ಚಿನ, ಲೆಕ್ಕಪತ್ರ ನೋಡುತ್ತಿದ್ದರು. ಒಳ್ಳೆಯ ಹುದ್ದೆ, ಗಿರಿನಗರದಲ್ಲಿ ಸ್ವಂತ ಮನೆ, ಕ್ರಿಸ್‌ಮಸ್‌ಗೆ ನಮ್ಮ ರೋಗಿಗಳಿಗೆಲ್ಲ ಕಂಬಳಿ ಹಂಚುತ್ತಿದ್ದ ಕೈ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ ಕೊಡುತ್ತಿದ್ದರು. ಅವರ ಲೋಟದಿಂದ ಕುದಿಯುವ ಚಹಾ ತುಳುಕಿ ಮೊಣಕೈ ಕೆಳಗೆ ಬಿತ್ತು. ಅವರು ಮಾತು ನಿಲ್ಲಿಸಲೇ ಇಲ್ಲ. ಚಹಾ ಬಿದ್ದ ಜಾಗದಲ್ಲಿ ತಿಳಿ ಬಣ್ಣದ ಒಂದು ಮಚ್ಚೆ ಇತ್ತು.

ಡಾಕ್ಟರಿಗೆ ಹೇಳಿದೆ. ಇಬ್ಬರೂ ಅವರ ಮನೆಗೆ ಹೋದೆವು. ಡಾಕ್ಟರ್ ಅವರ ಮೊಣಕೈ ಹಿಂದೆ ಬೆರಳಿಟ್ಟು ನರ ಮುಟ್ಟಿ ನೋಡಿದರು. ಅದು ಹಗ್ಗದಂತೆ ದಪ್ಪಗಾಗಿತ್ತು. ಕಾಯಿಲೆಯ ಹೆಸರು ಹೇಳಿದ ತಕ್ಷಣ ಆ ದೊಡ್ಡ ಮನುಷ್ಯ ಸೋಫಾದ ಮೇಲೆ ಕುಸಿದು ನನ್ನ ಕೈ ಹಿಡಿದುಕೊಂಡರು.

"ಮನೋರಮಾ, ಮಗಳಿಗೆ ಗಂಡು ನೋಡ್ತಿದೀವಿ. ಯಾರಿಗೂ ಗೊತ್ತಾಗಬಾರದು. ನಿಮ್ಮ ಕಾಲು ಹಿಡ್ಕೋತೀನಿ."

"ಸಾರ್, ಕಾಲು ಹಿಡಿಯೋದು ನನ್ನ ಕೆಲಸ. ನೀವು ಔಷಧಿ ತಗೊಳ್ಳಿ. ಯಾರಿಗೂ ಹೇಳಲ್ಲ."

ಅವರನ್ನು ಕ್ಲಿನಿಕ್ಕಿಗೆ ಕರೆಸಲಿಲ್ಲ. ಪ್ರತಿ ತಿಂಗಳೂ ನಾನೇ ಸಭೆಯ ಪತ್ರಿಕೆಯೊಳಗೆ ಔಷಧಿಯ ಹಾಳೆ ಇಟ್ಟುಕೊಂಡು ಹೋಗುತ್ತಿದ್ದೆ. ಒಂದು ಮಾತ್ರೆಯಿಂದ ಮೈ ಕಪ್ಪಾಗುತ್ತದೆ. ಅವರ ಹೆಂಡತಿ ಎಲ್ಲರಿಗೂ, ಸೈಟ್ ಹತ್ತಿರ ಬಿಸಿಲಲ್ಲಿ ನಿಂತು ನಿಂತು ಹೀಗಾಗಿದ್ದಾರೆ ಎಂದು ಹೇಳಿಕೊಂಡು ಬಂದರು. ಕೋರ್ಸ್ ಮುಗಿಯಿತು. ಬಣ್ಣ ಮರಳಿತು. ಕೈಗೆ ಏನೂ ಆಗಲಿಲ್ಲ. ಮಗಳ ಮದುವೆಯೂ ಆಯಿತು, ನಾನೂ ಊಟ ಮಾಡಿ ಬಂದೆ. ಒಬ್ಬ ಮನುಷ್ಯ ಪೂರ್ತಿ ಉಳಿದುಕೊಂಡನಲ್ಲ ಎಂಬ ಸಂತೋಷ ನನಗೆ ಬಹಳ ಕಾಲ ಇತ್ತು.

ಗೌರಮ್ಮನ ವಿಷಯ ಹಾಗಾಗಲಿಲ್ಲ. ಆಕೆ ಗೊಟ್ಟಿಗೆರೆಯವಳು. ಅದಿನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಣ್ಣಂದಿರ ಜೊತೆ ಹೊಲದಲ್ಲಿ ದುಡಿದವಳು. ಗಂಡ ಬಿಟ್ಟ ಮೇಲೆ ಅಣ್ಣನ ಮನೆಯ ಹಿಂದೆ, ದನ ಕಟ್ಟುವ ಜಾಗದ ಪಕ್ಕ ಒಂದು ಕೋಣೆಯಲ್ಲಿದ್ದಳು. ನಮ್ಮಲ್ಲಿಗೆ ಬರುವಾಗ ತಡವಾಗಿತ್ತು. ಎರಡೂ ಕೈಗಳ ಬೆರಳು ಒಳಕ್ಕೆ ಮಡಚಿಕೊಂಡಿದ್ದವು, ಅಂಗಾಲಿನಲ್ಲಿ ದೊಡ್ಡ ಗಾಯ. ಮೊದಲ ದಿನ ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಸರ್ರನೆ ಎಳೆದುಕೊಂಡಳು.

"ಬ್ಯಾಡ ಕಣಮ್ಮ, ಸೀರೆ ಕೊಳೆ ಆಯ್ತದೆ."

"ಒಗೀತೀನಿ ಬಿಡಿ."

ಅವಳು ಬಹಳ ಹೊತ್ತು ನನ್ನ ಸೀರೆಯನ್ನೇ ನೋಡುತ್ತಿದ್ದಳು. ಆಮೇಲೆ ಕಾಲನ್ನು ತಾನೇ ಎತ್ತಿ ಇಟ್ಟಳು.

ವರ್ಷದೊಳಗೆ ರೋಗ ವಾಸಿಯಾಯಿತು. ಗಾಯ ಮಾಯುವುದು, ಮತ್ತೆ ಒಡೆಯುವುದು ನಡೆದೇ ಇತ್ತು, ಹಾಗಾಗಿ ಗುರುವಾರ ಬರುತ್ತಲೇ ಇದ್ದಳು. ಒಂದು ದಿನ ಭಾನುವಾರವೂ ಬಂದಳು. ಕೊನೆಯ ಬೆಂಚಿನಲ್ಲಿ ಕೂತು ಹಾಡು ಕೇಳಿ ಹೋದಳು. ಮತ್ತೆ ಬಂದಳು. ನಾವ್ಯಾರೂ ಕರೆದಿರಲಿಲ್ಲ. ಕೆಲವು ವರ್ಷಗಳ ಮೇಲೆ ದೀಕ್ಷಾಸ್ನಾನ ಬೇಕು ಎಂದು ಕೇಳಿದಾಗ ಡಾಕ್ಟರ್ ಎರಡು ಸಲ ಬೇಡ ಎಂದರು.

"ಗೌರಮ್ಮ, ಔಷಧಿ ಕೊಟ್ವಿ ಅಂತ ದೇವರನ್ನ ಬದಲಾಯಿಸಬೇಡ. ಔಷಧಿಗೆ ಋಣ ಇಲ್ಲ."

"ಔಸ್ದಿಗಲ್ಲ ಸಾ" ಎಂದಳು ಗೌರಮ್ಮ. "ಇಲ್ಲಿ ನನ್ ಪಕ್ಕ ಕುಂತ್ಕೋತಾರೆ. ನಮ್ ಮನೇಲಿ ನನ್ ಪಕ್ಕ ಯಾರ್ ಕುಂತ್ಕಂಡು ಎಷ್ಟ್ ವರ್ಸ ಆಯ್ತೋ ನಂಗೇ ಗೊತ್ತಿಲ್ಲ."

ಪಕ್ಕದಲ್ಲಿ ಕೂರುತ್ತಿದ್ದವಳು ಹೆಚ್ಚಾಗಿ ನಾನೇ. ಅದನ್ನು ಆಗ ಹೇಳಬೇಕೆನಿಸಲಿಲ್ಲ.

ನಮ್ಮ ಸಭೆಯಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ದ್ರಾಕ್ಷಾರಸ ಕುಡಿಯುವ ಪ್ರಭುಭೋಜನಕ್ಕೆ ಒಂದೇ ದೊಡ್ಡ ಬೆಳ್ಳಿಯ ಪಾತ್ರೆ. ಸಾಲಾಗಿ ಮೊಣಕಾಲೂರಿದವರ ತುಟಿಗೆ ಪಾದ್ರಿ ಅಯ್ಯನವರು ಅದನ್ನು ಒಬ್ಬೊಬ್ಬರಿಗೂ ಮುಟ್ಟಿಸುತ್ತಾ, ಬಟ್ಟೆಯಿಂದ ಅಂಚು ಒರೆಸುತ್ತಾ ಹೋಗುತ್ತಾರೆ. ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವುದೇ ಅದರ ಅರ್ಥ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದು. ಗೌರಮ್ಮ ತನ್ನ ಎರಡೂ ಅಂಗೈಗಳ ನಡುವೆ ಪಾತ್ರೆಯನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಮೊದಮೊದಲು ಜನ ಏನೂ ಅನ್ನಲಿಲ್ಲ. ಆಮೇಲೆ ಅವಳು ಬೆಂಚಿನಿಂದ ಎದ್ದ ತಕ್ಷಣ ಬೇರೆ ಯಾರೂ ಏಳದಿರುವುದು ನನ್ನ ಕಣ್ಣಿಗೆ ಬಿತ್ತು. ಅವಳು ಇರುವ ಸಾಲು ಮುಗಿಯಲಿ ಎಂದು ಕಾಯುತ್ತಿದ್ದರು. ಒಂದು ಭಾನುವಾರ ವೇದಿಯ ಮುಂದಿನ ಉದ್ದನೆಯ ಮೆಟ್ಟಿಲ ಮೇಲೆ ನಾವಿಬ್ಬರೇ ಮೊಣಕಾಲೂರಿದ್ದೆವು. ಗೌರಮ್ಮ ಅಕ್ಕಪಕ್ಕ ನೋಡಿ, "ಇವತ್ತು ಜನ ಕಮ್ಮಿ ಅಲ್ವಾ ಸಿಸ್ಟ್ರೇ?" ಎಂದು ಪಿಸುಗುಟ್ಟಿದಳು. ಹಿಂದೆ ಚರ್ಚು ತುಂಬಿತ್ತು.

ಆ ವಿಷಯ ಚರ್ಚಿನ ಕಮಿಟಿಗೆ ಬಂತು. ಕ್ಲಿನಿಕ್ಕಿನ ಪರವಾಗಿ ಡಾಕ್ಟರೂ ನಾನೂ ಅದರಲ್ಲಿ ಕೂರುತ್ತಿದ್ದೆವು. ಒಬ್ಬ ಹೆಂಗಸು, ಮೊಮ್ಮಕ್ಕಳೂ ಇನ್ನು ಮೇಲೆ ಭೋಜನಕ್ಕೆ ಸೇರುತ್ತಾರೆ, ಎಲ್ಲರ ಎಂಜಲು ಒಂದೇ ಪಾತ್ರೆಯಲ್ಲಿ ಇರುವುದು ಸರಿಯೇ ಎಂದು ಕೇಳಿದರು. ಆಗ ಖಜಾಂಚಿಗಳು ಗಂಟಲು ಸರಿಮಾಡಿಕೊಂಡರು.

"ನಾನು ಯಾರ ಮೇಲೂ ಮಾತಾಡ್ತಿಲ್ಲ. ಇದು ಹೈಜೀನ್ ವಿಷಯ ಅಷ್ಟೇ. ಬೇರೆ ಸಭೆಗಳಲ್ಲಿ ಚಿಕ್ಕ ಚಿಕ್ಕ ಗಾಜಿನ ಲೋಟ ಇಟ್ಟಿದ್ದಾರೆ, ಒಬ್ಬೊಬ್ರಿಗೆ ಒಂದೊಂದು. ನೀಟಾಗಿರುತ್ತೆ. ಖರ್ಚು ನಾನೇ ಕೊಡ್ತೀನಿ."

ಅವರ ಮೈಯಲ್ಲಿ ಅದೇ ರೋಗ ಇದ್ದಾಗ, ಔಷಧಿಯ ಮೊದಲ ದಿನಗಳಲ್ಲೂ, ಅವರು ಅದೇ ಪಾತ್ರೆಯಿಂದ ಕುಡಿದಿದ್ದರು. ಅವರ ಹಿಂದೆ ನಾವೆಲ್ಲ ಕುಡಿದಿದ್ದೆವು. ಯಾರಿಗೂ ಏನೂ ಆಗಿರಲಿಲ್ಲ. ಆ ಕೋಣೆಯಲ್ಲಿ ಇದು ಗೊತ್ತಿದ್ದದ್ದು ಮೂವರಿಗೆ.

ನಾನು ಎದ್ದು ನಿಂತೆ. "ಗೌರಮ್ಮನ ಕಾಯಿಲೆ ವಾಸಿಯಾಗಿ ವರ್ಷಗಳಾದ್ವು. ಅವಳಿಂದ ಯಾರಿಗೂ ಏನೂ ಬರಲ್ಲ."

ಖಜಾಂಚಿಗಳು ನನ್ನ ಕಡೆ ತಿರುಗಿದರು. ಕಣ್ಣು ತಪ್ಪಿಸಲಿಲ್ಲ. "ಮನೋರಮಾ, ಗೌರಮ್ಮನ ಹೆಸರು ಎತ್ತಿದ್ದು ನೀವು. ನಾನಲ್ಲ."

ಒಂದಿಬ್ಬರು ನಕ್ಕರು. ನನ್ನ ನಾಲಿಗೆಯ ತುದಿಯಲ್ಲಿ ಒಂದೇ ವಾಕ್ಯವಿತ್ತು. ಹೇಳಿದ್ದರೆ ಲೋಟದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರೂ ಮುಗಿಯುತ್ತಿದ್ದರು, ಅತ್ತೆಮನೆಯಲ್ಲಿದ್ದ ಅವರ ಮಗಳೂ ಮುಗಿಯುತ್ತಿದ್ದಳು. ನಾನು ಡಾಕ್ಟರ್ ಬೆಂಜಮಿನ್ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಮೆಡಿಕಲ್ ಆಗಿ ಅಗತ್ಯ ಇಲ್ಲ. ಆದ್ರೆ ಸಭೆಯ ಇಷ್ಟ" ಎಂದರು. ನಾನು ಕೂತೆ. ಲೋಟಗಳು ಬರುವುದೆಂದು ತೀರ್ಮಾನವಾಯಿತು. ಅಯ್ಯನವರು ಕೊನೆಯ ಪ್ರಾರ್ಥನೆಯಲ್ಲಿ, ಒಬ್ಬರನ್ನೊಬ್ಬರು ನೋಯಿಸದೆ ನಿರ್ಣಯಕ್ಕೆ ಬಂದದ್ದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರು.

ಹೊರಗೆ ಬಂದ ಮೇಲೆ ಡಾಕ್ಟರನ್ನು ತಡೆದು ನಿಲ್ಲಿಸಿದೆ.

"ಇಬ್ಬರೂ ನಮ್ಮ ಪೇಷಂಟ್ಸ್, ಮನೋರಮಾ. ಒಬ್ಬರಿಗೋಸ್ಕರ ಇನ್ನೊಬ್ಬರನ್ನ ಬಿಟ್ಟುಕೊಡೋಕಾಗಲ್ಲ."

"ಬಿಟ್ಟುಕೊಡಿ ಅಂತ ನಾನೆಲ್ಲಿ ಹೇಳಿದೆ ಸಾರ್? ಅವರ ಹೆಸರು ಹೇಳಬೇಕಾಗಿರಲಿಲ್ಲ. ಗೌರಮ್ಮ ಕುಡಿದ ಮೇಲೆ ಅದೇ ಪಾತ್ರೆಯಿಂದ ಮುಂದಿನವನು ನಾನು ಅಂತ ನೀವು ಅಂದಿದ್ರೆ ಸಾಕಿತ್ತು. ನಿಮ್ಮ ಮಾತು ಕೇಳ್ತಿದ್ರು."

ಅವರು ಶೆಡ್ಡಿನ ಕಡೆ ಕೈ ತೋರಿಸಿದರು. "ಕ್ಲಿನಿಕ್ ಇರೋ ಜಾಗ ಸಭೆಯದು. ಇವರನ್ನೆಲ್ಲ ಎದುರು ಹಾಕ್ಕೊಂಡು ನಾಳೆ ಖಾಲಿ ಮಾಡಿ ಅಂದ್ರೆ? ಗುರುವಾರ ಬರೋ ಅಷ್ಟೂ ಜನ ಎಲ್ಲಿಗೆ ಹೋಗ್ತಾರೆ?"

ಅದು ಸುಳ್ಳು ಭಯವಲ್ಲ, ಒಪ್ಪುತ್ತೇನೆ. ಆದರೆ ಅವತ್ತಿನಿಂದ ಅವರು ರೋಗಿಗಳ ಕೈ ಹಿಡಿದು ಮಾತಾಡುವುದನ್ನು ಕಂಡಾಗ ನನಗೆ ಮೊದಲಿನ ಹಾಗೆ ಅನಿಸಲಿಲ್ಲ. ಕ್ಲಿನಿಕ್ಕನ್ನು ಉಳಿಸಿಕೊಳ್ಳಲು ಅವರು ಬಾಯಿ ಮುಚ್ಚಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ ಸಭೆಯವರು ಆ ಜಾಗದಲ್ಲಿ ಮದುವೆಗಳಿಗೆ ಹಾಲ್ ಕಟ್ಟಬೇಕೆಂದು ಹೇಗೂ ಖಾಲಿ ಮಾಡಿಸಿದರು.

ಹೊಸ ಲೋಟಗಳು ಬಂದ ಭಾನುವಾರ ಗೌರಮ್ಮ ನನ್ನ ಪಕ್ಕದಲ್ಲೇ ಮೊಣಕಾಲೂರಿದಳು. ಸಾಲು ತುಂಬಿತ್ತು. ಜನ ಅವಳ ಆ ಪಕ್ಕವೂ ಧೈರ್ಯವಾಗಿ ಬಂದು ಕೂತಿದ್ದರು. ಅವಳ ಮುಖ ಅರಳಿತ್ತು. ಹೆಬ್ಬೆರಳಿನ ಗಾತ್ರದ ಗಾಜಿನ ಲೋಟಗಳ ತಟ್ಟೆ ಬಂತು. ನಾನು ಒಂದನ್ನು ತೆಗೆದುಕೊಂಡು ಕುಡಿದೆ. ಗೌರಮ್ಮ ಕೈ ಚಾಚಿದಳು. ಮಡಚಿದ ಬೆರಳು, ಸ್ಪರ್ಶವಿಲ್ಲದ ತುದಿ. ದೊಡ್ಡ ಪಾತ್ರೆಯನ್ನು ಅಂಗೈಗಳಲ್ಲಿ ಒತ್ತಿ ಹಿಡಿಯುವುದು ಅವಳಿಗೆ ಸಾಧ್ಯವಿತ್ತು. ಇದು ಸಾಧ್ಯವಿರಲಿಲ್ಲ. ಆ ಯೋಚನೆ ನನಗೂ ಬಂದಿರಲಿಲ್ಲ. ಎರಡು ಸಲ ಪ್ರಯತ್ನಿಸಿ, ಕೊನೆಗೆ ಮಣಿಕಟ್ಟುಗಳ ನಡುವೆ ಸಿಕ್ಕಿಸಿ ಎತ್ತಿದಳು. ಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ದ್ರಾಕ್ಷಾರಸ ಬಿಳಿ ಹಾಸಿನ ಮೇಲೆ ಚಿಮ್ಮಿತು.

"ಪರವಾಗಿಲ್ಲ, ಪರವಾಗಿಲ್ಲ" ಎಂದು ಅಯ್ಯನವರು ಪಕ್ಕದವರ ಕಡೆಗೆ ಸರಿದರು. ಇನ್ನೊಂದು ಲೋಟ ಕೊಡಲಿಲ್ಲ. ಗಾಬರಿಯಲ್ಲಿ ಮರೆತರೋ ಏನೋ. ಗೌರಮ್ಮ ಬಗ್ಗಿ ಗಾಜಿನ ಚೂರುಗಳನ್ನು ಅಂಗೈಯಿಂದ ಗುಡ್ಡೆ ಮಾಡತೊಡಗಿದಳು. ಕೈ ಕುಯ್ದದ್ದು ಅವಳಿಗೆ ಗೊತ್ತಾಗಲಿಲ್ಲ. ರಕ್ತ ಕಂಡು ಪಕ್ಕದ ಹೆಂಗಸು ಸೆರಗು ಎಳೆದುಕೊಂಡು ಎದ್ದಳು. ಅವಳ ಹಿಂದೆ ಇನ್ನಿಬ್ಬರು.

ಶೆಡ್ಡಿಗೆ ಕರೆದುಕೊಂಡು ಹೋಗಿ ಕೈಗೆ ಕಟ್ಟು ಕಟ್ಟಿದೆ. ಒಳಗೆ ಕೊನೆಯ ಹಾಡು ಶುರುವಾಗಿತ್ತು.

"ದೊಡ್ ಪಾತ್ರೇನೇ ಚೆನ್ನಾಗಿತ್ತು ಸಿಸ್ಟ್ರೇ. ಯಾಕ್ ಬದ್ಲಾಯ್ಸುದ್ರು?"

"ಹೈಜೀನ್ ಅಂತೆ."

"ಅಂಗಂದ್ರೆ?"

"ಸ್ವಚ್ಛತೆ."

ಗೌರಮ್ಮ ಕಟ್ಟು ಹಾಕಿದ ಕೈಯನ್ನು ತಿರುಗಿಸಿ ನೋಡಿಕೊಂಡಳು. "ಓ" ಎಂದಳು. ಮುಂದಿನ ಭಾನುವಾರ ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಆ ಸಭೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಖಜಾಂಚಿಗಳು ಆ ವರ್ಷವೂ ಕಂಬಳಿ ಹಂಚಿದರು.

ಕ್ಲಿನಿಕ್ಕು ಮುಚ್ಚಿತು. ರೋಗ ಕಡಿಮೆಯಾಗಿದೆ ಎಂದು ಹೊರದೇಶದ ಹಣವೂ ನಿಂತಿತು. ಡಾಕ್ಟರ್ ಬೆಂಜಮಿನ್ ಮಗನ ಮನೆಗೆ ಹೋಗಿ ಅಲ್ಲೇ ತೀರಿಕೊಂಡರು. ನಾನು ಒಂದು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಉಳಿದ ವರ್ಷಗಳನ್ನು ಮುಗಿಸಿ ನಿವೃತ್ತಳಾದೆ. ತಿಂಗಳಿಗೊಮ್ಮೆ ಗೊಟ್ಟಿಗೆರೆಗೆ ಹೋಗಿ ಗೌರಮ್ಮನ ಕಾಲು ನೋಡಿ ಬರುತ್ತಿದ್ದೆ. ದನ ಕಟ್ಟುವ ಜಾಗ ಹೋಗಿ ಅಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದವು. ಅಣ್ಣನ ಮಗ ಅವಳಿಗೆ ಕೆಳಗೆ, ಮೀಟರ್ ಬೋರ್ಡುಗಳ ಪಕ್ಕದಲ್ಲಿ ಒಂದು ರೂಮು ಕೊಟ್ಟಿದ್ದ. ಬೇರೆ ಚರ್ಚಿಗೆ ಕರೆದುಕೊಂಡು ಹೋಗಲೇ ಎಂದು ಒಮ್ಮೆ ಕೇಳಿದೆ. "ಯೇಸಪ್ಪ ಇಲ್ಲಿಗೇ ಬತ್ತಾನೆ ಬಿಡಿ. ಅವನಿಗೇನ್ ದಾರಿ ಗೊತ್ತಿಲ್ವಾ?" ಎಂದು ನಕ್ಕಳು.

ಹೀಗಿರುವಾಗ ಖಜಾಂಚಿಗಳ ಹೆಂಡತಿಯಿಂದ ಫೋನ್ ಬಂತು. "ಮನೋರಮಾ, ಇವರ ಕಾಲಲ್ಲಿ ಗಾಯ ಆಗಿದೆ. ಶುಗರ್ ಅಂತ ಎಲ್ಲರಿಗೂ ಹೇಳಿದೀವಿ. ನಿಮಗೆ ಗೊತ್ತಲ್ಲ. ಬೇರೆ ಯಾರನ್ನೂ ಕರೆಯೋಕಾಗಲ್ಲ."

ಹೋಗಬಾರದು ಎಂದುಕೊಂಡೆ. ಹೋದೆ. ಪ್ರೀತಿಯಿಂದ ಹೋದೆ ಎಂದು ಬರೆದರೆ ಅದು ಶಾಲು ಹೊದಿಸಿಕೊಂಡವಳ ಮಾತಾಗುತ್ತದೆ. ಗಾಯವಿದೆ ಎಂದರೆ ಹೋಗುವುದು ಅಭ್ಯಾಸವಾಗಿತ್ತು, ಅಷ್ಟೇ. ರೋಗ ಎಂದೋ ವಾಸಿಯಾಗಿದ್ದರೂ ಕಾಲಿನ ನರ ಮುದಿತನದಲ್ಲಿ ಕೈಕೊಟ್ಟಿತ್ತು. ಪಾದ ಮರಗಟ್ಟಿ, ಮುಂಭಾಗ ಸ್ವಲ್ಪ ಜೋತುಬಿದ್ದು, ನಡೆಯುವಾಗ ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದರು. ಮಂಗಳವಾರ ಮಂಗಳವಾರ ಕಟ್ಟು ಬದಲಿಸಿದೆ. ಗಾಯ ಮಾಯಲಿಲ್ಲ. ಮರಗಟ್ಟಿದ ಕಾಲಿನವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು, ಮೆತ್ತನೆಯ ಚಪ್ಪಲಿ ಬೇಕೇ ಬೇಕು. ಅವರ ಮನೆಯಲ್ಲಿ ಮಾರ್ಬಲ್ ನೆಲ, ಒಳಗೆ ಚಪ್ಪಲಿ ನಿಷಿದ್ಧ. ಎಷ್ಟು ಹೇಳಿದರೂ, "ಬಂದವರು ನೋಡಿದ್ರೆ ಯಾಕೆ ಅಂತ ಕೇಳ್ತಾರೆ" ಎನ್ನುತ್ತಿದ್ದರು.

ಒಂದು ದಿನ ನಾನು ಕಟ್ಟಿನ ಬಟ್ಟೆ ಸುತ್ತುತ್ತಿದ್ದಾಗ ಅವರೇ ಮಾತು ತೆಗೆದರು. "ಆವತ್ತು ಕಮಿಟಿಯಲ್ಲಿ ನೀವು ಯಾಕೆ ಹೇಳಲಿಲ್ಲ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಅದಕ್ಕೇನಾ?"

"ಬೇರೆ ಏನೂ ಇರಲಿಲ್ಲ ಸಾರ್."

ನಾನು ಕಟ್ಟಿನ ತುದಿ ಅಂಟಿಸುವಾಗ ಅವರು ಹೇಳಿದರು, "ಯಾರ ಪಕ್ಕ ಯಾರು ಕುಡಿದ್ರು ಅಂತ ಜನ ಲೆಕ್ಕ ಹಾಕೋಕೆ ಶುರು ಮಾಡಿದ್ರು. ನಾನು ಸುಮ್ಮನಿದ್ರೆ, ಇವನ್ಯಾಕೆ ಸುಮ್ಮನಿದ್ದಾನೆ ಅಂತ ನನ್ನ ಕಡೆ ತಿರುಗ್ತಾರೆ ಅಂತ ಭಯ ಆಯ್ತು. ಅದಕ್ಕೇ ಮೊದಲು ನಾನೇ ಎದ್ದೆ." ಆಮೇಲೆ, "ಆಕೆ ಇದ್ದಾಳಾ? ಒಂದು ಸಲ ನೋಡಬೇಕು. ಕ್ಷಮೆ ಕೇಳಬೇಕು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆಟೋದಲ್ಲಿ ಕರೆದುಕೊಂಡು ಹೋದೆ. ಗೌರಮ್ಮ ರೂಮಿನ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಮಣಿಕಟ್ಟಿನಿಂದ ಒತ್ತಿ ಹಿಡಿದು ಹಲ್ಲಿನಿಂದ ಸಿಪ್ಪೆ ಬಿಡಿಸುವುದು ಅವಳದೇ ವಿಧಾನ. ಗೇಟಿನಿಂದ ಬಾಗಿಲವರೆಗೆ ನಾವು ನಡೆದು ಬರುವುದನ್ನು ತಲೆಯೆತ್ತಿ ನೋಡುತ್ತಿದ್ದಳು. ಹೊಸ್ತಿಲ ಹತ್ತಿರ ಖಜಾಂಚಿಗಳು ಬಗ್ಗಿ ಚಪ್ಪಲಿ ಬಿಚ್ಚಲು ಹೋದರು.

"ಬುಡ್ಬ್ಯಾಡಿ ಸಾ" ಎಂದಳು ಗೌರಮ್ಮ. "ಹಾಕ್ಕಂಡೇ ಬನ್ನಿ ಒಳೀಕೆ. ನೆಲ ಒರಟು ಐತೆ."

ಅವರು ಬಗ್ಗಿದವರು ಹಾಗೇ ನಿಂತರು.

"ಮನೇಲೂ ಬುಡ್ಬ್ಯಾಡಿ. ನಮ್ಮಂತೋರು ಬುಡ್ಬಾರ್ದು. ಸಂಜೆ ಒಂದ್ ಕಿತ ಅಂಗಾಲು ತಿರುಗ್ಸಿ ನೋಡ್ಕಳಿ, ಮುಳ್ಳು ಚುಚ್ಚಿದ್ರೂ ಗೊತ್ತಾಗಾಕಿಲ್ಲ." ಯಾರೋ ಎಂದೂ ಕೇಳದೆ, ಎಷ್ಟೋ ದಿನದ ಪರಿಚಯದವರಿಗೆ ಹೇಳುವ ಹಾಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಾರು ಸಿಸ್ಟ್ರೇ ಇವ್ರು? ಎಲ್ಲೋ ನೋಡ್ದಂಗೈತೆ" ಎಂದಳು.

ನಾನು ಖಜಾಂಚಿಗಳ ಮುಖ ನೋಡಿದೆ. ಹೇಳಬೇಕಾದವರು ಅವರು.

"ಚರ್ಚ್‌ನವರು" ಎಂದರು. "ಸುಮ್ನೆ, ಹೇಗಿದ್ದೀರಿ ನೋಡೋಣ ಅಂತ."

ಗೌರಮ್ಮ ತನ್ನ ಮಂಚದ ಮೇಲೆ ಜಾಗ ಮಾಡಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಚರ್ಚಿನ ಹೂತೋಟ, ಹಾಡು ಹೇಳಿಕೊಡುತ್ತಿದ್ದ ಟೀಚರ್, ಎಲ್ಲರನ್ನೂ ವಿಚಾರಿಸಿದಳು. ಒಂದು ಕಹಿ ಮಾತಿಲ್ಲ. ಅವರು ಹೂಂ, ಹೂಂ ಎಂದರು. ಕ್ಷಮೆಯ ಮಾತು ಬರಲೇ ಇಲ್ಲ. ಏಳುವಾಗ ಗೌರಮ್ಮ ಅವರ ತೋಳು ಹಿಡಿದು ಎಬ್ಬಿಸಿದಳು.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಹಾಕಿಕೊಂಡಿತು. ಅವರು ಹೊರಗೆ ನೋಡುತ್ತಾ ಕೂತಿದ್ದರು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

"ನೀವು ಹೇಳಿದ್ರಾ ಅವಳಿಗೆ?" ಎಂದರು.

"ಏನನ್ನ ಸಾರ್?"

"ನಿಮಗೆ ಗೊತ್ತು."

"ನಾನು ಯಾರಿಗೂ ಹೇಳಿಲ್ಲ."

"ಮತ್ತೆ ಅವಳಿಗೆ ಹೇಗೆ ಗೊತ್ತಾಯ್ತು? ನಮ್ಮಂಥವರು ಅಂದಳು."

"ನೀವು ನಡೆಯೋದು ನೋಡಿ. ಅವಳ ಕಣ್ಣಿಗೆ ಅದು ಗೊತ್ತಾಗದೆ ಇರುತ್ತಾ?"

ಅವರು ನಂಬಲಿಲ್ಲ. ಗಿರಿನಗರದ ಗೇಟಿನ ಮುಂದೆ ಕೈ ಹಿಡಿದು ಇಳಿಸುವಾಗ ತಗ್ಗಿದ ದನಿಯಲ್ಲಿ ಕೇಳಿದರು, "ಇನ್ನು ಯಾರ್ಯಾರಿಗೆ ಹೇಳಿದ್ದೀರಿ, ಮನೋರಮಾ?"

ಅದೇ ಆಟೋದಲ್ಲಿ ಮನೆಗೆ ಬಂದೆ. ಅಂದು ಇಡೀ ಸಂಜೆ ನನಗೆ ಅಳು ಬರಲಿಲ್ಲ, ಸಿಟ್ಟು ಕೂಡ ಸರಿಯಾಗಿ ಬರಲಿಲ್ಲ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡು ಕೂತದ್ದು ಕರುಣೆಯೇ, ಹೇಡಿತನವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಅದು ಏನೇ ಆಗಿದ್ದರೂ, ಯಾರಿಗಾಗಿ ಮಾಡಿದೆನೋ ಅವರ ಕಣ್ಣಲ್ಲಿ ಅದು ನಡೆದೇ ಇರಲಿಲ್ಲ.

ಮಂಗಳವಾರ ಹೋದೆ. ಬಾಗಿಲು ತೆರೆದವರು ಅವರೇ. ಮಾರ್ಬಲ್ ನೆಲದ ಮೇಲೆ ಅವರ ಕಾಲಲ್ಲಿ ಚಪ್ಪಲಿ ಇತ್ತು. ನಾನು ಎಷ್ಟು ಸಲ ಹೇಳಿದ್ದೆನೋ, ಕೇಳಿರಲಿಲ್ಲ. ಕೆಲವೇ ವಾರಗಳಲ್ಲಿ ಗಾಯ ಮಾಯಿತು. ಮಾಯ್ದ ಮೇಲೆ ಅವರ ಹೆಂಡತಿ ಫೋನ್ ಮಾಡಿ, ಇನ್ನು ಬರುವುದು ಬೇಡ ಎಂದರು. ಅವರು ತೀರಿಕೊಂಡಾಗ ಸ್ಮರಣೆಯ ಆರಾಧನೆಯಲ್ಲಿ ಅವರ ಕರುಣೆಯ ಬಗ್ಗೆ, ಕುಷ್ಠರೋಗಿಗಳಿಗೆ ಕೊಟ್ಟ ಕಂಬಳಿಗಳ ಬಗ್ಗೆ ಬಹಳ ಜನ ಮಾತಾಡಿದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿ ಬಂದೆ.

ಆ ತಿಂಗಳು ಗೊಟ್ಟಿಗೆರೆಗೆ ಹೋದಾಗ ಗೌರಮ್ಮನಿಗೆ ವಿಷಯ ತಿಳಿಸಿದೆ. ಲೋಟಗಳನ್ನು ತರಿಸಿದವರು ಅವರೇ ಎಂಬುದನ್ನೂ ಅಂದು ಹೇಳಿಬಿಟ್ಟೆ. ಇನ್ನು ಕಾಪಾಡಬೇಕಾದ ಗುಟ್ಟೇನೂ ಇರಲಿಲ್ಲ.

"ಸಾಯೋವಾಗ ಕಾಲು ವಾಸಿಯಾಗಿತ್ತಾ ಸಿಸ್ಟ್ರೇ?" ಎಂದಳು.

"ಆಗಿತ್ತು."

"ಅಷ್ಟಾಯ್ತಲ್ಲ, ಬುಡಿ."

ಅವಳು ಹಾಗೆ ಹೇಳಿ ತನ್ನ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ಹಿಂದಿನ ಸಾಲಿನಲ್ಲಿ ಎದ್ದು ನಿಂತ ಹುಡುಗಿಗೆ ನಾನು ಹೇಳಬೇಕಿದ್ದದ್ದು ಇಷ್ಟು. ಗೌರಮ್ಮನಿಗೆ ಅದನ್ನೆಲ್ಲ ಬಿಟ್ಟುಬಿಡಲು ಬಂತು. ನನಗೆ ಇನ್ನೂ ಬಂದಿಲ್ಲ.